ಮನಸ್ಸು ಬಾರದಿದ್ದಾಗ ಏನು ಮಾಡಬೇಕು?



ಸ್ವಾಮಿಯ ದರ್ಶನಕ್ಕೆಂದು ದೂರದ ಊರುಗಳಿಂದ ಬಂದಿದ್ದೀರಿ. ಬೆಟ್ಟ ಹತ್ತಿ ದಣಿದು, ಮಂಟಪದ ನೆರಳಲ್ಲಿ ಕೂತು ಈ ಪುಟ ತಿರುವುತ್ತಿರಬಹುದು. ನಾನು ಪಂಡಿತನಲ್ಲ. ಪಿ.ಯು.ಸಿ. ಓದಿ, ಇದೇ ಕಚೇರಿಯಲ್ಲಿ ಸೇವಾ ರಸೀದಿ ಬರೆಯುತ್ತಾ ತಲೆ ನರೆತವನು. ಕೌಂಟರಿನ ಕಿಟಕಿಯಲ್ಲಿ ಕೂತವನಿಗೆ ಜನರ ಮುಖ ಓದುವುದು ತಾನಾಗಿ ಬಂದುಬಿಡುತ್ತೆ. ಏನು ಹರಕೆ ಎಂದು ಕೇಳಿದರೆ ಎಷ್ಟೋ ಮಂದಿ ಹೇಳುವುದು ಒಂದೇ ಮಾತು: "ಮಾಡೋ ಕೆಲಸ ಬೆಟ್ಟದಷ್ಟಿದೆ ಸ್ವಾಮಿ, ಮಾಡೋಕೆ ಮನಸ್ಸೇ ಬರ್ತಿಲ್ಲ." ಸಾಲ ಮಾಡಿದವರು, ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡವರು, ಪರೀಕ್ಷೆಗೆ ಕೂರುವ ಮಕ್ಕಳು, ಎಲ್ಲರದೂ ಇದೇ ಪಾಡು.

ಮನಸ್ಸಿದ್ದರೆ ಮಾರ್ಗ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಮನಸ್ಸೇ ಇಲ್ಲದಿದ್ದರೆ? ಹಾಗೆ ಕೈಚೆಲ್ಲಿ ಕೂತವನು ಸೋಮಾರಿಯೇ? ತಪ್ಪಿತಸ್ಥನೇ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ, ಯಾಕೆಂದರೆ ಒಂದು ಸಲ ನಾನೂ ಹಾಗೆ ಕೂತಿದ್ದೆ.

ಅದು 2004ನೇ ಇಸವಿ. ನಮ್ಮ ತಾಯಿಗೆ ಲಕ್ವ ಹೊಡೆದು, ಒಂದೂವರೆ ತಿಂಗಳು ಆಸ್ಪತ್ರೆಯಲ್ಲೇ ಇದ್ದೆ. ಜಾತ್ರೆಯೂ ಆ ಸಮಯದಲ್ಲೇ ಬಂದಿತ್ತು. ಆಗ ಮನಿಯಾರ್ಡರ್ ಕಾಲ. ಭಕ್ತರು ಊರಿಂದಲೇ ಹಣ ಕಳಿಸಿ, ಹೆಸರು, ಗೋತ್ರ, ನಕ್ಷತ್ರ ಬರೆದು ಕಾಗದ ಹಾಕುತ್ತಿದ್ದರು. ಅರ್ಚನೆ ಮಾಡಿಸಿ, ಕುಂಕುಮ ಪ್ರಸಾದವನ್ನು ಅಂಚೆಯಲ್ಲಿ ಕಳಿಸುವುದು ನನ್ನ ಕೆಲಸ. ರಜೆ ಮುಗಿಸಿ ಬಂದು ಬೀರು ತೆಗೆದರೆ ಒಳಗೆ 340 ಕಾಗದ! ಲೆಡ್ಜರ್ ಬೇರೆ ಹಾಗೇ ಉಳಿದಿತ್ತು. ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಬೀರು ಮುಚ್ಚಿ ಟೀ ಕುಡಿಯಲು ಹೋದೆ.

ಮಾರನೇ ದಿನವೂ ಅದೇ. ಹೀಗೆ 11 ದಿನ. ನಾನು ಸುಮ್ಮನೆ ಕೂತಿರಲಿಲ್ಲ ಅನ್ನಿ. ದೇವರ ಪಟಗಳ ಧೂಳು ಒರೆಸಿದೆ, ಹಳೇ ರಸೀದಿ ಪುಸ್ತಕ ಜೋಡಿಸಿದೆ, ಯಾರೂ ಕೇಳದ ಕೆಲಸವೆಲ್ಲ ಮಾಡಿದೆ. ಆ ಒಂದು ಕೆಲಸ ಮಾತ್ರ ಕೈಗೆ ಹತ್ತಲಿಲ್ಲ. ಬೇರೆ ಯಾರೂ ಬೈಯಲಿಲ್ಲ, ನಾನೇ ಬೈದುಕೊಂಡೆ. ಬೈದುಕೊಂಡಷ್ಟೂ ಬೀರಿನ ಕಡೆ ನೋಡಲು ಹೆದರಿಕೆ ಹೆಚ್ಚಾಯಿತು.

ನಮ್ಮಲ್ಲಿ ಹೂ ಕಟ್ಟುವ ಒಬ್ಬ ಅಜ್ಜಿ ಇದ್ದರು. 12ನೇ ದಿನ ಬಾಗಿಲಲ್ಲಿ ನಿಂತು ಕೇಳಿದರು: "ಯಾಕಪ್ಪಾ, ದಿನಾ ಬೀರು ತೆಗೀತೀಯ, ಮುಚ್ತೀಯ. ಒಳಗೇನು ಹಾವು ಐತಾ?"

"ಕಾಗದ ಅಜ್ಜೀ, ರಾಶಿ ಬಿದ್ದಿದೆ" ಅಂದೆ.

"ರಾಶಿ ಯಾರು ಓದ್ತಾರೆ? ನಂಗಂತೂ ಓದೋಕೆ ಬರಲ್ಲ. ಒಂದು ತೆಗೆದು ಓದು, ಕೇಳ್ತೀನಿ" ಅಂತ ಅಲ್ಲೇ ಕೂತರು.

ಕೈಗೆ ಸಿಕ್ಕಿದ್ದನ್ನು ಒಡೆದೆ. ಒಬ್ಬ ತಂದೆ ಬರೆದದ್ದು. ಮಗಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ, ಮಗು ಬಹಳ ಹೆದರಿದೆ, ಪರೀಕ್ಷೆಗೆ ಮೊದಲು ಸ್ವಾಮಿಯ ಕುಂಕುಮ ಸಿಕ್ಕರೆ ಧೈರ್ಯ ಬಂದೀತು ಎಂದಿತ್ತು. ನಾನು ಓದುವ ಹೊತ್ತಿಗೆ ಪರೀಕ್ಷೆ ಮುಗಿದುಹೋಗಿತ್ತು. ಅಜ್ಜಿ ಏನೂ ಅನ್ನಲಿಲ್ಲ. ನನ್ನ ಗಂಟಲು ಕಟ್ಟಿತು. ಅಂದೇ ಅರ್ಚನೆ ಮಾಡಿಸಿ, ತಡವಾಯಿತು ಕ್ಷಮಿಸಿ ಎಂದು ಬರೆದು ಕುಂಕುಮ ಕಳಿಸಿದೆ. ಅವರಿಂದ ಮರುಪತ್ರ ಬರಲಿಲ್ಲ. ಆ ಮಗು ಪಾಸಾಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಕಾಗದಗಳನ್ನು ಮೂರು ಪಾಲು ಮಾಡಿದೆ. ಮದುವೆ, ಆಪರೇಷನ್ನು ಹೀಗೆ ದಿನ ಗೊತ್ತಾಗಿರುವವು ಒಂದು ಕಡೆ, ಬರೀ ಹರಕೆ ತೀರಿಸಿದವರದು ಒಂದು ಕಡೆ, ಉಳಿದವು ಒಂದು ಕಡೆ. ಮೊದಲನೇ ಪಾಲಿನಿಂದ ಶುರುಮಾಡಿ ದಿನಕ್ಕೆ 15 ಕಾಗದ. 16ನೆಯದನ್ನು ಮುಟ್ಟುತ್ತಿರಲಿಲ್ಲ. 23 ದಿನಕ್ಕೆ ಬೀರು ಖಾಲಿ. ಮೊದಲ ನಾಲ್ಕು ದಿನ ಮನಸ್ಸಿಲ್ಲದೆಯೇ ಮಾಡಿದೆ. ಐದನೇ ದಿನದಿಂದ ಮನಸ್ಸು ತಾನಾಗಿ ಬಂತು.

ನನಗೆ ತಿಳಿದದ್ದು ಇಷ್ಟೇ. ಮನಸ್ಸು ಬರಲಿ, ಆಮೇಲೆ ಮಾಡುತ್ತೇನೆ ಅಂತ ಕಾಯುತ್ತೇವೆ. ಮನಸ್ಸೋ, ಕೈ ಮೊದಲು ಹೋಗಲಿ ಅಂತ ಕಾಯುತ್ತಿರುತ್ತೆ. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಹೋದವರು ನೋಡಿರಬಹುದು. 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲು ಅಲ್ಲಿವೆ. ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಬಗ್ಗಿದವರ ಕಣ್ಣಿಗೆ ಮುಂದಿನ ಮೆಟ್ಟಿಲು ಬಿಟ್ಟು ಬೇರೇನೂ ಕಾಣದು. ಸುಮಾರು 700ನೇ ಮೆಟ್ಟಿಲ ಬಳಿ ದೊಡ್ಡ ನಂದಿ ಸಿಗುತ್ತಾನೆ. ಅಲ್ಲಿ ಕೂತು ಸುಧಾರಿಸಿಕೊಂಡವರನ್ನು ಯಾರೂ ಸೋಮಾರಿ ಅನ್ನುವುದಿಲ್ಲ.

ಇನ್ನು ತಪ್ಪಿನ ಮಾತು. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದ ಕೊನೆಯಲ್ಲಿ ಕಪಿಸೇನೆ ಸಮುದ್ರದ ದಡದಲ್ಲಿ ದಿಕ್ಕು ತೋಚದೆ ಕೂರುತ್ತದೆ. ದಾಟಬೇಕಾದ್ದು 100 ಯೋಜನ. ಒಬ್ಬ 10 ಯೋಜನ ಹಾರುತ್ತೇನೆ ಅಂದ, ಇನ್ನೊಬ್ಬ 20 ಅಂದ. ಮುದುಕನಾದ ಜಾಂಬವಂತ 90 ಅಂದ. ಅಂಗದ, ಹೋಗಬಲ್ಲೆ, ವಾಪಸ್ ಬರುವುದು ಮಾತ್ರ ಅನುಮಾನ ಅಂದ. ಹನುಮಂತ ಒಂದು ಕಡೆ ಸುಮ್ಮನೆ ಕೂತಿದ್ದ. ಜಾಂಬವಂತ ಅವನನ್ನು ಹೇಡಿ ಎಂದು ಬೈದನೇ? ಇಲ್ಲ. ಪಕ್ಕಕ್ಕೆ ಹೋಗಿ, ನೀನು ಯಾರ ಮಗ, ಚಿಕ್ಕವನಿದ್ದಾಗ ಸೂರ್ಯನ ಕಡೆಗೇ ಹಾರಿದವನಲ್ಲವೇ ಎಂದು ನೆನಪು ಮಾಡಿಕೊಟ್ಟ. ಹನುಮಂತನಂಥವನಿಗೇ ಇನ್ನೊಬ್ಬರ ಮಾತು ಬೇಕಾಯಿತು ಅಂದಮೇಲೆ, ನಮ್ಮ ನಿಮ್ಮಂಥವರು ಸಹಾಯ ಕೇಳುವುದಕ್ಕೆ ನಾಚಿಕೆ ಯಾಕೆ? ನಿಮ್ಮ ಮನೆಯಲ್ಲೂ ಯಾರಾದರೂ ಹಾಗೆ ಕೂತಿದ್ದರೆ ಬೈಯಬೇಡಿ. ಪಕ್ಕದಲ್ಲಿ ಕೂತು, ಒಂದು ಕಾಗದ ಓದು ಅನ್ನಿ.

ಹಾಗಂತ ಕೂತದ್ದರಿಂದ ಯಾರಿಗೂ ನಷ್ಟವಿಲ್ಲ ಎಂದು ನಾನು ಹೇಳಲಾರೆ. ಆ ತಂದೆಯ ಕಾಗದ ಇವತ್ತೂ ನೆನಪಿದೆ. ನಮಗೆ ರಾಶಿಯಾಗಿ ಕಾಣುವುದರ ಒಳಗೆ ಒಬ್ಬೊಬ್ಬ ಮನುಷ್ಯ ಕಾಯುತ್ತಿರುತ್ತಾನೆ. ನಡೆದ ತಪ್ಪನ್ನು ಒಪ್ಪಿಕೊಂಡು ಮುಂದಿನದನ್ನು ಕೈಗೆತ್ತಿಕೊಳ್ಳಬೇಕು. ತಪ್ಪನ್ನೇ ತಲೆ ಮೇಲೆ ಹೊತ್ತು ಕೂತರೆ 340ರ ಜೊತೆ 341ನೇ ಹೊರೆ, ಅಷ್ಟೆ.

ದೇವರ ಮೇಲೆ ಭಾರ ಹಾಕಿ ಎಂದು ಹಿರಿಯರು ಹೇಳುತ್ತಾರೆ, ನಿಜ. ಆದರೆ ಹಾಕಬೇಕಾದ್ದು ಫಲದ ಭಾರ. ಕಾಗದಕ್ಕೆ ಅಂಚೆಚೀಟಿ ಅಂಟಿಸುವುದು ನಮ್ಮ ಪಾಲಿನದೇ.

ಒಂದು ಮುಖ್ಯ ವಿಷಯ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದರೆ ಅದು ಕಾಯಿಲೆಯೂ ಇರಬಹುದು. ಹರಕೆ ಹೊತ್ತುಕೊಳ್ಳಿ, ಜೊತೆಗೆ ಡಾಕ್ಟರ ಹತ್ತಿರವೂ ಹೋಗಿ. 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು.

ಮಹಾಮಂಗಳಾರತಿ ಆದ ಮೇಲೆ ಪ್ರಸಾದ ತೆಗೆದುಕೊಂಡು ನಿಧಾನವಾಗಿ ಇಳಿಯಿರಿ. ಊರಲ್ಲಿ ಕಾಯುತ್ತಿರುವ ಕೆಲಸಗಳಲ್ಲಿ ಒಂದೇ ಒಂದನ್ನು ಇಲ್ಲೇ ಆರಿಸಿಕೊಳ್ಳಿ. ಮನೆ ತಲುಪಿ ಕೈಕಾಲು ತೊಳೆದ ಮೇಲೆ ಮೊದಲು ಅದನ್ನು ಮಾಡಿ. ಮಿಕ್ಕದ್ದು ನಾಳೆಗಿರಲಿ. ಸ್ವಾಮಿ ನಿಮ್ಮೆಲ್ಲರಿಗೂ ಒಳ್ಳೆಯದು ಮಾಡಲಿ.

— ದೇವಸ್ಥಾನದ ಕಚೇರಿ ಗುಮಾಸ್ತ