ಸಾಣೆ ಕಾಣದ ಉಳಿಗಳು

ಸಾಗರದ ನಮ್ಮ ಮನೆಯ ಹಿಂದೆ ಒಂದು ಹಳೆಯ ಕೊಟ್ಟಿಗೆಯಿದೆ. ದನಗಳು ಹೋದ ಮೇಲೆ ಅಪ್ಪ ಅದನ್ನು ಮರಗೆಲಸದ ಕೋಣೆ ಮಾಡಿಕೊಂಡರು. ಈಗ ಅಲ್ಲಿ ತುಂಬಿರುವುದು ಅಡಿಕೆ ಚೀಲ, ಮುರಿದ ಕುರ್ಚಿ, ಹಳೆಯ ಸೈಕಲ್ಲು. ಅವುಗಳ ನಡುವೆ ಒಂದು ಪೆಟ್ಟಿಗೆ. ಒಳಗೆ ಎಣ್ಣೆಬಟ್ಟೆ ಸುತ್ತಿಟ್ಟ ಇಂಗ್ಲೆಂಡಿನ ಶೆಫೀಲ್ಡ್ ಉಕ್ಕಿನ ಆರು ಉಳಿಗಳು, ಒಂದು ಕೀಸುಳಿ, ಎರಡು ಗರಗಸ. ಮೇಷ್ಟ್ರಾಗಿದ್ದ ಅಪ್ಪ ನಿವೃತ್ತಿಯ ದಿನಗಳಿಗೆಂದು ಒಂದೊಂದಾಗಿ ಕೊಂಡವು. ನಿವೃತ್ತಿಯಾಗಿ ಒಂಬತ್ತು ವರ್ಷವಾಯಿತು. ಆ ಉಳಿಗಳು ಇನ್ನೂ ಮರ ಮುಟ್ಟಿಲ್ಲ.

ಕಳೆದ ಬೇಸಿಗೆಯಲ್ಲಿ ಬಾಗಿಲು ಸರಿಮಾಡಲು ಬಂದ ಆಚಾರರು ಆ ಪೆಟ್ಟಿಗೆ ನೋಡಿದರು. ಒಂದು ಉಳಿಯನ್ನು ಬೆಳಕಿಗೆ ಹಿಡಿದು, “ಮೇಷ್ಟ್ರೇ, ಇದನ್ನ ನನಗೆ ಕೊಡ್ತೀರಾ? ದುಡ್ಡು ಕೊಡ್ತೀನಿ” ಅಂದರು. ಅಪ್ಪ ಅದನ್ನು ಮೆಲ್ಲಗೆ ವಾಪಸು ಇಸಿದುಕೊಂಡು, “ಮಳೆಗಾಲ ಕಳೀಲಿ, ನಾನೇ ಶುರು ಮಾಡ್ಬೇಕು ಅಂತಿದೀನಿ” ಅಂದರು.

ನನಗೆ ಅಮರ್ತ್ಯ ಸೇನ್ ನೆನಪಾದರು. 2009ರಲ್ಲಿ ಬಂದ ‘ದಿ ಐಡಿಯಾ ಆಫ್ ಜಸ್ಟಿಸ್’ನಲ್ಲಿ ಅವರು ಒಂದು ಕೊಳಲನ್ನೂ ಮೂವರು ಮಕ್ಕಳನ್ನೂ ನಮ್ಮ ಮುಂದಿಡುತ್ತಾರೆ. ಒಬ್ಬಳಿಗೆ ನುಡಿಸಲು ಬರುತ್ತದೆ, ಒಬ್ಬನ ಬಳಿ ಆಡಲು ಬೇರೇನೂ ಇಲ್ಲ, ಇನ್ನೊಬ್ಬಳು ಅದನ್ನು ತಾನೇ ಮಾಡಿದವಳು. ಯಾರಿಗೆ ಸಲ್ಲಬೇಕು? ಮೂವರ ಮಾತಿನಲ್ಲೂ ನ್ಯಾಯವಿದೆ. ಅರಿಸ್ಟಾಟಲ್‌ಗೆ ಇಷ್ಟು ತೊಡಕಿಲ್ಲ: ಒಳ್ಳೆಯ ಕೊಳಲು ಚೆನ್ನಾಗಿ ನುಡಿಸುವವನಿಗೆ. ಆದರೆ ಮುಂದೆಂದೋ ನುಡಿಸುತ್ತೇನೆಂದು ಕೊಳಲು ಕೊಂಡಿಟ್ಟವನು ಇವರಿಬ್ಬರ ಲೆಕ್ಕದಲ್ಲೂ ಇಲ್ಲ.

ಅಪ್ಪ ಜಿಪುಣರಲ್ಲ. ಕೇಳಿದವರಿಗೆ ಸಾಲ ಕೊಟ್ಟು ಮರೆತವರು. ಆದರೆ ಆ ಪೆಟ್ಟಿಗೆಯಲ್ಲಿ ಉಕ್ಕಿನ ಜೊತೆ ಅವರು ಆಗಬೇಕೆಂದುಕೊಂಡಿದ್ದ ಇನ್ನೊಬ್ಬ ಮನುಷ್ಯನೂ ಇದ್ದಾನೆ. ಉಳಿ ಕೊಟ್ಟುಬಿಟ್ಟರೆ ಅವನು ಇನ್ನು ಬರುವುದಿಲ್ಲವೆಂದು ಒಪ್ಪಿಕೊಂಡಂತೆ. ಇದನ್ನು ಬರೀ ಆಸೆಬುರುಕತನ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಆದರೂ ಆಚಾರರ ಕೈ ಮರೆಯುವುದಿಲ್ಲ. ಅವರಿಗೆ ಆ ಉಳಿ ನಾಳೆಯ ಕೆಲಸ. ಮಲೆನಾಡಿನ ಮಳೆ ಯಾರ ಕನಸಿಗೂ ಕಾಯುವುದಿಲ್ಲ. ಎಣ್ಣೆಬಟ್ಟೆಯೊಳಗೂ ತುಕ್ಕು ನುಗ್ಗುತ್ತದೆ. ಸಾಣೆಯೂ ಉಕ್ಕನ್ನು ತಿನ್ನುತ್ತದೆ, ತುಕ್ಕೂ ತಿನ್ನುತ್ತದೆ. ಸಾಣೆ ತಿಂದದ್ದಕ್ಕೆ ಒಂದು ಬಾಗಿಲೋ ಕಿಟಕಿಯೋ ಲೆಕ್ಕ ಕೊಡುತ್ತದೆ. ತುಕ್ಕು ತಿಂದದ್ದಕ್ಕೆ ಲೆಕ್ಕ ಕೊಡುವವರಿಲ್ಲ. ಆಯುಧಪೂಜೆಯ ದಿನ ಅಪ್ಪ ಆ ಉಳಿಗಳಿಗೂ ಕುಂಕುಮ ಹಚ್ಚುತ್ತಾರೆ. ದುಡಿದ ಉಪಕರಣಗಳಿಗೆ ಅದು ಬಿಡುವಿನ ದಿನ. ದುಡಿಯದೇ ಇರುವುದಕ್ಕೆ ಯಾವ ಬಿಡುವು?

ಹಾಗಾದರೆ ಕೊಂಡವರ ಹಕ್ಕು ಸುಳ್ಳೇ? ಅಲ್ಲ. ಆದರೆ ಉಪಕರಣದ ಮೇಲಿನ ಹಕ್ಕನ್ನು ಬಳಸಿ ಬಳಸಿ ಉಳಿಸಿಕೊಳ್ಳಬೇಕು ಎನಿಸುತ್ತದೆ. ಚೆನ್ನಾಗಿಯೇ ಬಳಸಬೇಕೆಂದಿಲ್ಲ. ಅಪ್ಪ ಒಂದು ಸೊಟ್ಟ ಮಣೆ ಮಾಡಿದ್ದರೂ ಸಾಕಿತ್ತು, ಆಚಾರರಿಗೆ ಇಲ್ಲವೆನ್ನುವ ಮಾತಿಗೆ ತೂಕ ಬರುತ್ತಿತ್ತು.

ಇಷ್ಟು ಬರೆದು ಹಾಸ್ಟೆಲ್ಲಿನ ನನ್ನ ಶೆಲ್ಫು ನೋಡಿದೆ. ಲೈಬ್ರರಿಯ ಒಂದು ಪುಸ್ತಕವನ್ನು ಎರಡು ವರ್ಷದಿಂದ ರಿನ್ಯೂ ಮಾಡಿಸಿ ಇಟ್ಟುಕೊಂಡಿದ್ದೇನೆ. ಓದಿದ್ದು ಮುನ್ನುಡಿ ಮಾತ್ರ. ಜೂನಿಯರ್ ಒಬ್ಬಳು ಎರಡು ಸಲ ಕೇಳಿದ್ದಳು. “ಈ ಅಧ್ಯಾಯ ಮುಗೀಲಿ” ಅಂದಿದ್ದೆ.

ನಿನ್ನೆ ಆ ಪುಸ್ತಕ ಹಿಂದಿರುಗಿಸಿದೆ. ಅಪ್ಪನಿಗೆ ಮಾತ್ರ ಇನ್ನೂ ಏನೂ ಹೇಳಿಲ್ಲ.