ವಿಧಿಯನ್ನು ಒಪ್ಪಿದವರು ದಾವೆ ಹೂಡಬಹುದೇ?

ಚಳಿಗಾಲ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಗಳಲ್ಲಿ ಮಕ್ಕಳಿಗೆ ನೆಗಡಿ, ಕೆಮ್ಮು. ಡಾಕ್ಟರ ಬಳಿಗೆ ಹೋದರೆ ದಿನದ ಕೂಲಿ ತಪ್ಪುತ್ತದೆ. ಮೆಡಿಕಲ್ ಅಂಗಡಿಯಲ್ಲಿ 'ಮಗುವಿಗೆ ಕೆಮ್ಮು' ಎಂದರೆ ಸಾಕು, ಸಿರಪ್ ಬಾಟಲಿ ಕೈಗೆ ಬರುತ್ತದೆ. ಬಿಲ್ಲನ್ನು ಅವರು ಕೊಡುವುದಿಲ್ಲ, ನಾವು ಕೇಳುವುದೂ ಇಲ್ಲ.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರ ಜಿಲ್ಲೆಯ ತಾಯಂದಿರೂ ಹೀಗೆಯೇ ನಂಬಿ ಮಕ್ಕಳಿಗೆ ಸಿರಪ್ ಕುಡಿಸಿದರು. ಅಲ್ಲಿ ಅನೇಕರಿಗೆ ಡಾಕ್ಟರೇ ಅದನ್ನು ಬರೆದುಕೊಟ್ಟಿದ್ದರು. ಕಾಂಚೀಪುರಂನಲ್ಲಿ ತಯಾರಾದ 'ಕೋಲ್ಡ್‌ರಿಫ್' ಎಂಬ ಆ ಔಷಧಿಯ ಒಂದು ಬ್ಯಾಚಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ. 48.6ರಷ್ಟಿತ್ತು. ಮಿತಿ ಇರುವುದು ಶೇ. 0.1 ಮಾತ್ರ. ಮೂತ್ರಪಿಂಡ ಕೆಟ್ಟು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮರಣ ಹೊಂದಿದರು.

ಇಂತಹ ಸಂದರ್ಭದಲ್ಲಿ ನಮ್ಮ ನಡುವೆ ಒಂದು ಮಾತು ಕೇಳಿಬರುತ್ತದೆ. "ಅಲ್ಲಾಹನ ವಿಧಿ. ಕೊಟ್ಟವನೇ ಕರೆದುಕೊಂಡ. ಕೋರ್ಟು-ಕಚೇರಿ ಏಕೆ? ಸತ್ತ ಮಗುವಿನ ಹೆಸರಿನಲ್ಲಿ ಹಣ ತೆಗೆದುಕೊಳ್ಳುವುದೇ?" ದುಃಖದಿಂದ ಬಂದ ಈ ಮಾತನ್ನು ಹಗುರವಾಗಿ ಕಾಣಬಾರದು. ಆದರೆ ಇದರಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ. ಮರಣ ಅಲ್ಲಾಹನ ತೀರ್ಮಾನ, ನಿಜ. ಔಷಧಿಗೆ ಬಳಸುವ ದ್ರಾವಣವನ್ನು ಪರೀಕ್ಷಿಸದೆ ಬೆರೆಸಿದ್ದು ಮನುಷ್ಯನ ಕರ್ಮ. ವಿಧಿಯ ಮೇಲಿನ ವಿಶ್ವಾಸ ನೊಂದವರಿಗೆ ಸಾಂತ್ವನವೇ ಹೊರತು ತಪ್ಪಿತಸ್ಥರಿಗೆ ಬರೆದುಕೊಟ್ಟ ಕ್ಷಮಾಪತ್ರವಲ್ಲ.

ಶರೀಅತ್ ಕೂಡ ಇವೆರಡನ್ನು ಬೇರ್ಪಡಿಸಿ ನೋಡಿದೆ. ಅರಿಯದೆ ನಡೆದ ಕೊಲೆಗೂ ವಾರೀಸುದಾರರಿಗೆ ಪರಿಹಾರಧನವಿದೆ. ವೈದ್ಯಕೀಯ ತಿಳಿಯದವನು ಚಿಕಿತ್ಸೆ ನೀಡಿ ಹಾನಿಯಾದರೆ ಅವನೇ ಹೊಣೆಗಾರ. ಹಾಗಾದರೆ ಹಕ್ಕನ್ನು ಕೇಳುವುದು ಸಹನೆಗೆಟ್ಟ ವರ್ತನೆ ಹೇಗಾದೀತು?

ಕ್ಷಮಿಸುವುದು ಶ್ರೇಷ್ಠವಲ್ಲವೇ ಎಂದು ಕೇಳಬಹುದು. ಹೌದು, ತನಗೆ ಸಲ್ಲಬೇಕಾದುದನ್ನು ಬಿಟ್ಟುಕೊಡುವ ಅಧಿಕಾರ ತಂದೆತಾಯಿಗಿದೆ. ಆದರೆ ಅದೇ ಔಷಧಿಯನ್ನು ನಾಳೆ ಕುಡಿಯಲಿರುವ ಇನ್ನೊಬ್ಬರ ಮಗುವಿನ ಪರವಾಗಿ ಕ್ಷಮಿಸಲು ಅವರು ಯಾರು? ದೂರು ಕೊಡುವುದರಿಂದ ಸತ್ತ ಮಗು ಮರಳಿ ಬಾರದು. ಬದುಕಿರುವ ಮಗು ಉಳಿಯಬಹುದು.

ನಮ್ಮ ದೇಶದ ಕಾನೂನಿನಲ್ಲಿ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕರನ್ನು, ಕೆಲವು ಸಂದರ್ಭಗಳಲ್ಲಿ ಮಾರಿದವರನ್ನೂ ಹೊಣೆ ಮಾಡಬಹುದು. ಪಾವಗಡದವರು ದೂರು ಕೊಡಲು ಕಾಂಚೀಪುರಂಗೆ ಹೋಗಬೇಕಿಲ್ಲ, ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗ ಸಾಕು. ಕಾಲಾವಕಾಶ 2 ವರ್ಷ. ಆದರೆ ಅಲ್ಲಿ ಕೇಳುವ ಮೊದಲ ಪ್ರಶ್ನೆ, "ಬಿಲ್ಲು ಎಲ್ಲಿ?"

ಆದ್ದರಿಂದ ಹೊಣೆ ನಮ್ಮಿಂದಲೇ ಆರಂಭವಾಗುತ್ತದೆ. 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಬೇಡವೆಂದು ಕರ್ನಾಟಕದ ಆರೋಗ್ಯ ಇಲಾಖೆಯೇ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ದೊಡ್ಡ ಮಕ್ಕಳಿಗೂ ಡಾಕ್ಟರನ್ನು ಕೇಳದೆ ಕೊಡಬಾರದು. ಬಿಲ್ಲು ಕೇಳಿ ಪಡೆಯಬೇಕು, ಮಗು ಗುಣವಾಗುವ ತನಕ ಬಾಟಲಿಯನ್ನು ಎಸೆಯಬಾರದು. ಸಿರಪ್ ಕುಡಿದ ಮಗುವಿಗೆ ವಾಂತಿಯಾಗಿ ಮೂತ್ರ ಕಡಿಮೆಯಾದರೆ ಬಾಟಲಿ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಗು ನಮ್ಮ ಕೈಯಲ್ಲಿರುವ ಅಮಾನತ್ತು. ವಿಚಾರಿಸದೆ ಕುಡಿಸಿ, ಆಮೇಲೆ ವಿಧಿಯನ್ನು ನೆನೆಯುವುದು ಅಮಾನತ್ತಿನ ರಕ್ಷಣೆಯಲ್ಲ.