ತಟ್ಟೆಯ ಮೇಲಣ ಹೆಸರು

ಊರಿನ ಪ್ರಾಥಮಿಕ ಶಾಲೆಯನ್ನು ಹೊಕ್ಕವರಿಗೆ ಮೊದಲು ಕಾಣುವುದು ಅಕ್ಷರವೇ ಸರಿ. ಆದರೆ ಅದು ಪಾಠದ ಅಕ್ಷರವಲ್ಲ. ಗಡಿಯಾರದ ಮುಖದಲ್ಲಿ ಇಂಥವರ ಸ್ಮರಣಾರ್ಥವೆಂದೂ, ಬೀರುವಿನ ಬಾಗಿಲಲ್ಲಿ ಇಂಥವರ ಕೊಡುಗೆಯೆಂದೂ, ನೀರಿನ ತೊಟ್ಟಿಯ ನೆತ್ತಿಯಲ್ಲಿ ದಂಪತಿಗಳಿಬ್ಬರ ಹೆಸರೆಂದೂ ಬಣ್ಣದಲ್ಲಿ ಬರೆದಿರುತ್ತದೆ. ಮಧ್ಯಾಹ್ನ ಮಕ್ಕಳು ಸಾಲಾಗಿ ಕುಳಿತು ಉಣ್ಣುವ ತಟ್ಟೆಯ ನಡುವೆಯೂ ಎಷ್ಟೋ ಕಡೆ ದಾನಿಯ ಹೆಸರನ್ನು ಕೆತ್ತಿಸಿರುವುದುಂಟು. ಅನ್ನ ಸಾರು ಕರಗುತ್ತ ಬಂದಂತೆ ಹೆಸರು ಮೇಲಕ್ಕೇಳುತ್ತದೆ. ಎರಡನೆಯ ತರಗತಿಯ ಮಗು ಕೂಡಿಸಿ ಓದಲು ಕಲಿತ ಮೊದಮೊದಲ ಪದಗಳಲ್ಲಿ ಆ ಹೆಸರೂ ಒಂದಾದರೆ ಆಶ್ಚರ್ಯವಿಲ್ಲ.

ಕೊಟ್ಟವನು ಹೆಸರು ಬರೆಸಿದರೆ ಅದರಲ್ಲಿ ದೋಷವೇನು? ಪ್ರಶ್ನೆ ಚಿಕ್ಕದಾಗಿ ತೋರಿದರೂ ಧರ್ಮಜಿಜ್ಞಾಸೆಗೆ ಯೋಗ್ಯವಾದುದೇ. ಏಕೆಂದರೆ ಇಲ್ಲಿ ಪಡೆಯುವವರು ಎಳೆಯ ಮಕ್ಕಳು. ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿಲ್ಲ.

ಆಗಸ್ಟ್ ೧೫ರ ಬೆಳಗಿನ ಸಭೆಯನ್ನು ನೆನೆದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಧ್ವಜಾರೋಹಣ ಮುಗಿದಿರುತ್ತದೆ, ಮಿಠಾಯಿ ಹಂಚುವುದಕ್ಕೆ ಮೊದಲು ಪುಸ್ತಕದ ಚೀಲಗಳ ವಿತರಣೆ. 'ಬಡ ಮಕ್ಕಳು' ಎಂದು ಮೊದಲೇ ಗುರುತಿಸಿಟ್ಟ ಹತ್ತಾರು ಹುಡುಗ ಹುಡುಗಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಾರೆ. ಮಗು ಚೀಲದ ಒಂದು ಕಿವಿಯನ್ನು ಹಿಡಿದಿದೆ, ದಾನಿ ಇನ್ನೊಂದನ್ನು ಬಿಟ್ಟಿಲ್ಲ. ಚಿತ್ರ ತೆಗೆಯುವವನು ಇನ್ನೊಮ್ಮೆ ಎನ್ನುತ್ತಾನೆ. ಆ ಒಂದು ಗಳಿಗೆಯಲ್ಲಿ ದಾನಿಯ ಮುಖ ಚಿತ್ರದ ಕಡೆಗೂ, ಮಗುವಿನ ದೃಷ್ಟಿ ನೆಲದ ಕಡೆಗೂ ಇರುತ್ತದೆ. ನಿನ್ನೆಯವರೆಗೆ ಒಂದೇ ಮಣೆಯ ಮೇಲೆ ಕುಳಿತಿದ್ದ ಇಬ್ಬರಲ್ಲಿ ಯಾರು ಬಡವರು, ಯಾರು ಅಲ್ಲ ಎಂಬುದು ಊರೆಲ್ಲಕ್ಕೂ ಸಾರಿದಂತಾಯಿತು. ಚೀಲ ಒಂದೆರಡು ವರ್ಷ ಬಾಳೀತು. ಸಾರಿದ ಮಾತು ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಇದಕ್ಕೆ ಪೂರ್ವಪಕ್ಷವಿಲ್ಲದೆ ಇಲ್ಲ. ಕನ್ನಡನಾಡು ಶಾಸನಗಳ ನಾಡು. ದಾನವನ್ನು ಕಲ್ಲಿನಲ್ಲಿ ಕೆತ್ತಿಸುವುದು ಇಲ್ಲಿನ ಪುರಾತನ ಪದ್ಧತಿ. ಹೆಸರು ಕೆತ್ತಿಸುವುದು ಅಹಂಕಾರವಾದರೆ ನಮ್ಮ ಪೂರ್ವಿಕರೆಲ್ಲರೂ ಅಹಂಕಾರಿಗಳೆನ್ನಬೇಕಾದೀತು ಎಂದು ವಾದಿಸುವವರುಂಟು. ಅಲ್ಲದೆ ಸ್ಮೃತಿಯೇ ಇದಕ್ಕೆ ಆಧಾರ. ಭೂಮಿಯನ್ನು ಕೊಟ್ಟ ಅರಸನು ತನ್ನ ವಂಶವನ್ನೂ ತನ್ನ ಹೆಸರನ್ನೂ ದಾನದ ಪರಿಮಾಣವನ್ನೂ ಬಟ್ಟೆಯ ಮೇಲೋ ತಾಮ್ರಪಟದ ಮೇಲೋ ಬರೆಸಿ ಮುದ್ರೆಯೊತ್ತಿಸಬೇಕೆಂದು ಯಾಜ್ಞವಲ್ಕ್ಯರು ಆಚಾರಾಧ್ಯಾಯದಲ್ಲಿ ವಿಧಿಸಿದ್ದಾರೆ.

ಆದರೆ ಆ ವಿಧಿಯ ಪ್ರಯೋಜನವನ್ನೂ ಅವರೇ ಹೇಳಿರುವುದನ್ನು ಮರೆಯಬಾರದು. ಮುಂದೆ ಬರುವ ಅರಸರಿಗೆ ತಿಳಿಯಲಿ ಎಂಬುದೇ ಆ ಪ್ರಯೋಜನ. ಎಂದರೆ, ಇಂಥ ಭೂಮಿ ಇಂಥವರಿಗೆ ಸಂದಿದೆ, ಅದನ್ನು ಕಸಿಯಬಾರದು ಎಂಬ ರಕ್ಷಣೆಗಾಗಿ ಬರಹ. ಅದು ಪಡೆದವನ ಕೈಯಲ್ಲಿರುವ ಸಾಧನ, ಕೊಟ್ಟವನ ಅಲಂಕಾರವಲ್ಲ. ಇನ್ನೊಂದು ಕಡೆ ಮನುವು, ಸಾರಿಕೊಂಡ ದಾನದ ಫಲ ನಶಿಸುವುದೆಂದು ಹೇಳಿದ್ದಾನೆ. ಎರಡು ಸ್ಮೃತಿಗಳೂ ಪರಸ್ಪರ ವಿರುದ್ಧವೆಂದು ತೋರಬಹುದು; ವಿರೋಧವಿಲ್ಲ. ಒಂದು ದಾಖಲೆಯ ಮಾತು, ಇನ್ನೊಂದು ಡಂಗುರದ ಮಾತು. ತಟ್ಟೆಯ ಮೇಲಣ ಹೆಸರು ಯಾವ ಮಗುವಿನ ಯಾವ ಹಕ್ಕನ್ನೂ ಕಾಯುವುದಿಲ್ಲವಾದ್ದರಿಂದ ಅದು ಎರಡನೆಯದಕ್ಕೇ ಸೇರತಕ್ಕದ್ದು.

ಶಾಸನಗಳ ಮಾತು ಬಂದುದರಿಂದ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬಹುದು. ಕ್ರಿ. ಶ. ೯೪೫ರ ಬರಹವದು; ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣನೆಂಬವನು ಅಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳಿದ್ದುವು. ದೀಪಕ್ಕೂ ಉಪಾಧ್ಯಾಯನ ಜೀವನಕ್ಕೂ ಬೇರೆ ಬೇರೆ ಭೂಮಿಯನ್ನು ಬಿಟ್ಟಿದ್ದಿತು. ಇದೆಲ್ಲ ದೊಡ್ಡವರ ದಾನ. ಆದರೆ ಕಂಬದಲ್ಲಿ ಇನ್ನೂ ಒಂದು ಏರ್ಪಾಡಿದೆ. ಊರಿನ ಬ್ರಾಹ್ಮಣರು ಮನೆಯಲ್ಲಿ ಮದುವೆಯಾದರೆ ೫ ನಾಣ್ಯವನ್ನೂ, ಉಪನಯನಕ್ಕೆ ಅದರ ಅರ್ಧವನ್ನೂ, ಚೌಲಕ್ಕೆ ಅದರ ಅರ್ಧವನ್ನೂ ವಿದ್ಯಾರ್ಥಿಗಳಿಗಾಗಿ ಕೊಡತಕ್ಕದ್ದು. ಹೀಗೆ ಕೊಟ್ಟ ಗೃಹಸ್ಥರ ಹೆಸರುಗಳು ಕಂಬದಲ್ಲಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ, ಅದು ಮುಂದೆ ಹುಟ್ಟಲಿರುವವರಿಗೂ ಹೊರಿಸಿದ ಕಟ್ಟಳೆ. ಮಂತ್ರಿಯ ಹೆಸರನ್ನು ಇಂದಿಗೂ ಓದುತ್ತಾರೆ. ಎಷ್ಟೋ ಮದುವೆಗಳ ಐದೈದು ನಾಣ್ಯ ಯಾರ ಕೈಯಿಂದ ಬಂದಿತೆಂಬುದು ಯಾರಿಗೂ ತಿಳಿಯದು. ಶಾಲೆಗೆ ವರ್ಷ ವರ್ಷವೂ ಕೈಸೇರುವಂತೆ ಏರ್ಪಟ್ಟುದು ಮಾತ್ರ ಈ ಎರಡನೆಯ ಬಗೆಯ ಹಣ.

ಆ ಶಾಲೆಯ ಬಾಗಿಲು ಊರಿನ ಎಲ್ಲ ಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಅದನ್ನು ಹೊಗಳುವಾಗ ಇದನ್ನೂ ಹೇಳಲೇಬೇಕು. ಆದರೂ ಅಲ್ಲಿಯ ಒಂದು ಭಾವ ಗ್ರಹಿಸತಕ್ಕದ್ದು: ಶಾಲೆಗೆ ಕೊಡುವುದು ಔದಾರ್ಯವಲ್ಲ, ತೆರಬೇಕಾದ ಋಣ. ಮನೆಯಲ್ಲಿ ಶುಭವಾದರೆ ಅದರ ಒಂದು ಪಾಲು ಓದುವವರದು. ಋಣ ತೀರಿಸಿದವನು ಸಾಲ ಕೊಟ್ಟವನ ಗೋಡೆಯ ಮೇಲೆ ತನ್ನ ಹೆಸರನ್ನು ಬರೆಸಲು ಹೋಗುವುದಿಲ್ಲವಷ್ಟೆ.

ಇಂದು ಆ ಋಣವನ್ನು ರಾಜ್ಯಾಂಗವೇ ಒಪ್ಪಿಕೊಂಡಿದೆ. ೨೦೦೨ರ ತಿದ್ದುಪಡಿಯಿಂದ ೬ರಿಂದ ೧೪ ವರ್ಷದ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದಕ್ಕಾಗಿ ೨೦೦೯ರಲ್ಲಿ ಮಾಡಿದ ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಬೇಯಿಸಿದ ಅನ್ನವನ್ನೇ ಶಾಲೆಯಲ್ಲಿ ಬಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೦೧ರ ನವೆಂಬರ್‌ನಲ್ಲಿ ಆಜ್ಞೆ ಮಾಡಿತು. ಕರ್ನಾಟಕದಲ್ಲಿ ಈ ಕಾರ್ಯ ೨೦೦೨ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮಿಕ್ಕ ಜಿಲ್ಲೆಗಳಿಗೆ ಹಬ್ಬಿತು. ಹೀಗಿರುವಲ್ಲಿ ತಟ್ಟೆಯ ಮೇಲಣ ಹೆಸರು ಒಂದು ಸಣ್ಣ ಅಸತ್ಯವನ್ನೂ ನುಡಿಯುತ್ತದೆ. ದಾನಿ ಕೊಟ್ಟದ್ದು ತಟ್ಟೆ. ಅದರೊಳಗಿನ ಅನ್ನ ನಾಡಿನ ಸಮಸ್ತರ ತೆರಿಗೆಯಿಂದ ಬಂದುದು. ಬೆಂಕಿಪೆಟ್ಟಿಗೆ ಕೊಳ್ಳುವ ಕೂಲಿಯವಳದೂ ಅದರಲ್ಲಿ ಪಾಲುಂಟು. ಆ ಮಗುವಿನ ತಾಯಿಯೇ ಅವಳಾಗಿರಬಹುದು. ಉಂಡು ಮುಗಿಸಿ ಹೆಸರನ್ನು ಓದುವ ಮಗು ಮಾತ್ರ ಈತನೇ ಅನ್ನದಾತನೆಂದು ತಿಳಿಯುತ್ತದೆ. ಒಲೆಯ ಮುಂದೆ ನಿಂತು ಬೇಯಿಸಿದವಳ ಹೆಸರಂತೂ ಎಲ್ಲಿಯೂ ಇಲ್ಲ.

ರಾಜ್ಯದ ಈ ಏರ್ಪಾಡಿಗೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟವರು ತಿಳಿದೇ ಇಟ್ಟಿರಬೇಕು. ಶರಣರ ಮಾರ್ಗದಲ್ಲಿ ದಾಸೋಹ ಬೇರೆ, ದಾನ ಬೇರೆ. ದಾನದಲ್ಲಿ ಕೊಡುವವನ ಕೈ ಮೇಲು. ದಾಸೋಹದಲ್ಲಿ ನೀಡುವವನು ತನ್ನನ್ನು ದಾಸನೆಂದು ಭಾವಿಸಿ ಉಣ್ಣುವವನೆದುರು ಬಾಗುತ್ತಾನೆ. ಪದದ ಅರ್ಥವನ್ನು ಪಾಲಿಸುವುದಾದರೆ ಬಡಿಸುವವರು ಮಕ್ಕಳಿಗೆ ಕೃತಜ್ಞರಾಗಿರಬೇಕು; ಮಕ್ಕಳಿಂದ 'ಧನ್ಯವಾದ' ಹೇಳಿಸಿಕೊಳ್ಳುವುದು ತಲೆಕೆಳಗಾದ ವ್ಯವಹಾರ.

ಇನ್ನು, ಹೆಸರು ಹಾಕದಿದ್ದರೆ ಕೊಡುವವರೇ ಇಲ್ಲದಾಗುವರೆಂಬ ಲೌಕಿಕ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಸೋರುವ ಮಾಡಿನ ಕೆಳಗೆ ಪಾಠ ಹೇಳುವ ಮುಖ್ಯೋಪಾಧ್ಯಾಯನಿಗೆ ದಾನದ ಸಾತ್ತ್ವಿಕ ರಾಜಸ ಭೇದವನ್ನು ವಿವರಿಸಿ ಪ್ರಯೋಜನವೇನು? ಹೆಂಚು ಬಂದರೆ ಸಾಕು. ಹೆಸರಿನ ಆಸೆಯಿಂದ ಬಂದ ಹೆಂಚೂ ಮಳೆಯನ್ನು ತಡೆಯುತ್ತದೆ. ಆದ್ದರಿಂದ ಇಂಥ ದಾನಿಯನ್ನು ಜರೆಯುವುದು ಅನ್ಯಾಯ. ಕೇಳತಕ್ಕದ್ದು ಇಷ್ಟೆ: ಹೆಸರು ಇರಲಿ, ಎಲ್ಲಿ ಇರಬೇಕು? ಶಾಲೆಯ ಆಸ್ತಿಯ ಪುಸ್ತಕದಲ್ಲಿ ಇರಲಿ. ಶಾಲಾಭಿವೃದ್ಧಿ ಸಮಿತಿಯ ನಡವಳಿಯಲ್ಲಿ ಇರಲಿ. ವಾರ್ಷಿಕೋತ್ಸವದ ದಿನ ವರದಿಯಲ್ಲಿ, ನೂರು ರೂಪಾಯಿ ಕೊಟ್ಟವರದೂ ಲಕ್ಷ ಕೊಟ್ಟವರದೂ ಅಕಾರಾದಿಯಾಗಿ ಒಂದೇ ಉಸಿರಿನಲ್ಲಿ ಓದಲ್ಪಡಲಿ. ಮಕ್ಕಳನ್ನು ಮಾತ್ರ ಫಲಕವನ್ನಾಗಿ ಮಾಡಬಾರದು.

ಇನ್ನೊಂದು ಬಗೆಯ ಹೆಸರಿದೆ; ಅದರ ಮುಂದೆ ಈ ತರ್ಕವೆಲ್ಲ ಸ್ವಲ್ಪ ತಡೆದು ನಿಲ್ಲುತ್ತದೆ. ತೀರಿಹೋದ ಮಗಳ ನೆನಪಿಗೆ ತಾಯಿಯೊಬ್ಬಳು ಅವಳೋದಿದ ಶಾಲೆಗೇ ಏನನ್ನೋ ಕೊಡುತ್ತಾಳೆ. ಅವಳು ಬರೆಸುವುದು ತನ್ನ ಹೆಸರನ್ನಲ್ಲ. ಹಾಜರಿ ಪುಸ್ತಕದಿಂದ ಹೊಡೆದುಹಾಕಿದ ಹೆಸರು ಶಾಲೆಯಲ್ಲಿ ಇನ್ನೊಂದು ಕಡೆಯಾದರೂ ಉಳಿಯಲಿ ಎಂಬುದು ಅವಳ ಬಯಕೆ. ಅದನ್ನು ಅಹಂಕಾರವೆಂದು ಕರೆಯುವವನಿಗೆ ಹೃದಯವಿಲ್ಲ. ಆದರೂ ಆ ಹೆಸರಿಗೆ ತಟ್ಟೆಗಿಂತ ಗ್ರಂಥಭಂಡಾರದ ಪುಸ್ತಕದ ಮೊದಲ ಪುಟ ಒಳ್ಳೆಯ ಸ್ಥಳ. ಪುಸ್ತಕವನ್ನು ಮಗು ತಾನೇ ಆರಿಸಿ ತೆರೆಯುತ್ತದೆ. ಓದುವ ಸುಖದಲ್ಲಿರುವಾಗ ಆ ಹೆಸರನ್ನು ಕಾಣುತ್ತದೆ. ಹಸಿವು ಯಾರನ್ನೂ ಆರಿಸಲು ಬಿಡುವುದಿಲ್ಲ.

ಹೆಸರು ಅವಶ್ಯವಾಗಿ ಇರಬೇಕಾದ ಒಂದೆಡೆಯಲ್ಲಿ ಅದು ಅನೇಕ ವೇಳೆ ಇಲ್ಲದಿರುವುದು ವಿಚಿತ್ರ. ಹಿಂದಿನ ತಲೆಮಾರಿನ ರೈತರು ಶಾಲೆಗೆ ಹತ್ತಾರು ಗುಂಟೆ ನೆಲವನ್ನು ಬಾಯಿಮಾತಿನಲ್ಲೇ ಬಿಟ್ಟುಕೊಟ್ಟ ಊರುಗಳುಂಟು. ಹೆಸರು ಬೇಡವೆಂದ ದೊಡ್ಡ ಮನಸ್ಸು ಅವರದು; ಪತ್ರವನ್ನೂ ಮಾಡಿಕೊಡಲಿಲ್ಲ. ಸ್ಥಿರಾಸ್ತಿಯ ದಾನಕ್ಕೆ ಇಬ್ಬರು ಸಾಕ್ಷಿಗಳ ರುಜುವುಳ್ಳ ನೋಂದಾಯಿತ ಪತ್ರವಿರಬೇಕೆಂದು ೧೮೮೨ರ ಸ್ವತ್ತು ವರ್ಗಾವಣೆಯ ಕಾಯಿದೆ ಹೇಳುತ್ತದೆ. ಪತ್ರವಿಲ್ಲದ ನೆಲವನ್ನು ಮೊಮ್ಮಕ್ಕಳು ಕೇಳಲು ಬಂದಾಗ ಶಾಲೆಯ ಬಳಿ ತೋರಿಸಲು ಏನೂ ಇರುವುದಿಲ್ಲ. ಆಟದ ಬಯಲಿನ ನಡುವೆ ಬೇಲಿ ಬೀಳುತ್ತದೆ. ಯಾಜ್ಞವಲ್ಕ್ಯರ ತಾಮ್ರಪಟ ಬೇಕಾಗುವುದು ಇಲ್ಲಿ. ಶಾಲಾಭಿವೃದ್ಧಿ ಸಮಿತಿಗಳು ತಟ್ಟೆಗಳನ್ನು ಕೆತ್ತಿಸುವ ವೆಚ್ಚವನ್ನು ಉಳಿಸಿ, ಇಂಥ ದಾನಿಗಳಲ್ಲಿ ಬದುಕಿರುವ ವೃದ್ಧರನ್ನು ಉಪನೋಂದಣಾಧಿಕಾರಿಯ ಕಚೇರಿಗೆ ಮರ್ಯಾದೆಯಿಂದ ಕರೆದೊಯ್ದು ರುಜು ಹಾಕಿಸುವುದು ಆದಷ್ಟು ಬೇಗ ಆಗಬೇಕಾದ ಕೆಲಸ.